ಸೆರಗಿಗೆ ಹತ್ತಿದ ಅಕ್ಷರಗಳು

ನಾನು ಒಂದು ಕರಿಹಲಗೆ. ಹಾಗೆಂದ ಕೂಡಲೇ ನೀವು ಶಾಲೆ, ಮಗ್ಗಿ, ಮಾಸ್ತರರ ಬೆತ್ತ ಎಂದು ಶುರು ಮಾಡಬೇಡಿ. ನಾನು ಶಾಲೆಯ ಹಲಗೆಯಲ್ಲ, ಊಟದ ಹಲಗೆ. ನನ್ನ ಮೇಲೆ ಮೊಟ್ಟಮೊದಲು ಬಿದ್ದ ಬರಹ ‘ಬದನಿಕಾಯಿ ಎಣಗಾಯಿ’.

ನನ್ನನ್ನು ಮಾಡಿದವರು ಗದಗಿನ ಮೌನೇಶ ಬಡಿಗೇರರು. ಹೆಸರು ಮೌನೇಶ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಯಾರದೋ ಮನೆಯ ಬಾಗಿಲಿಗೆಂದು ತಂದು ಉಳಿದಿದ್ದ ಸಾಗವಾನಿ ಹಲಗೆಗಳನ್ನು ಜೋಡಿಸಿ, ಸುತ್ತ ಚೌಕಟ್ಟು ಬಡಿದರು. ಮುಗಿದುಹೋದ ಬ್ಯಾಟರಿ ಸೆಲ್ಲುಗಳನ್ನು ಒಡೆದು, ಒಳಗಿನ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ನನಗೆ ಮೇಲಿಂದ ಮೇಲೆ ಬಳಿದರು. ಒಣಗಿದ ಮೇಲೆ ಅಂಗೈಯಿಂದ ಸವರಿ, “ಏನ್ ಕಪ್ಪು ಬಂದೈತಿ ನೋಡ್ರಲೇ! ನನ್ನ ಲಗ್ನದಾಗಿನ ಮೀಸಿ ಇದ್ದಂಗ ಐತಿ” ಎಂದು ಅಂಗಡಿಯವರಿಗೆಲ್ಲ ತೋರಿಸಿದರು. ಆ ಹೊಗಳಿಕೆಯ ಸೊಕ್ಕು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ನನ್ನನ್ನು ಮಾಡಿಸಿದವಳು ಬಸಲಿಂಗವ್ವ. ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ಖಾನಾವಳಿ. ಗಂಡ ಬೇಗ ತೀರಿಕೊಂಡಿದ್ದ, ಕಂಕುಳಲ್ಲಿ ಮಗ ಫಕೀರೇಶ ಇದ್ದ, ರೊಟ್ಟಿ ಬಡಿಯುವ ಕೈ ಇತ್ತು. ಅಷ್ಟನ್ನೇ ನಂಬಿ ಒಲೆ ಹೂಡಿದವಳು ಅವಳು. ದಿನಾ ಬೆಳಿಗ್ಗೆ ಬಂದು, ಒದ್ದೆ ಅರಿವೆಯಿಂದ ನನ್ನ ಮುಖ ಒರೆಸಿ, ಆ ಹೊತ್ತಿನ ಅಡಿಗೆ ಬರೆಯುತ್ತಿದ್ದಳು. ಜುಣಕ, ಮಡಕಿಕಾಳ ಪಲ್ಯ, ಗುರೆಳ್ಳ ಚಟ್ನಿ, ಸೋಮವಾರ ಹೋಳಿಗೆ. ಅಕ್ಷರ ಡೊಂಕು, ಆದರೆ ಒಂದೊಂದಕ್ಕೂ ಒಂದು ವಾಸನೆ. ಬರೆದದ್ದು ನನ್ನ ಮೇಲೆ, ಬೇಯುವುದು ಹತ್ತು ಮಾರು ಆಚೆ. ಶಬ್ದವೆಂದರೆ ಹೀಗೆಯೇ ಇರಬೇಕು, ಹಿಂದೆ ಏನಾದರೂ ಕುದಿಯುತ್ತಿರಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ.

ಒಂದು ಸಂಗತಿಯನ್ನು ಆಗಲೇ ನೋಡಿದ್ದೆ, ಆದರೆ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಊರ ಮಂದಿಗೆಲ್ಲ ಬಡಿಸಿದ ಮೇಲೆ, ಎಲ್ಲರೂ ಕೈ ತೊಳೆದು ಹೋದ ಮೇಲೆ, ಅವ್ವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಾಟನ್ನು ಮೊಣಕಾಲ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು. ಒಬ್ಬಳೇ. ಫಕೀರೇಶ ಸಣ್ಣವನಿದ್ದಾಗ ಮೊದಲೇ ಉಂಡು ಮಲಗಿರುತ್ತಿದ್ದ, ದೊಡ್ಡವನಾದ ಮೇಲೆ ಮಿಲಿಟರಿ ಸೇರಿದ. ಬಡಿಸುವವರು ಕೊನೆಗೆ ಉಣ್ಣುತ್ತಾರೆ, ಅದು ಹಾಗೆಯೇ ಎಂದುಕೊಂಡಿದ್ದೆ. ಅವಳೂ ಹಾಗೆಯೇ ಅಂದುಕೊಂಡಿದ್ದಳು.

ಫಕೀರೇಶ ಒಮ್ಮೆ ರಜೆಗೆ ಬಂದವನು ತಾಯಿಗೆ ಒಂದು ಫ್ಲೆಕ್ಸ್ ಬೋರ್ಡ್ ಮಾಡಿಸಿಕೊಟ್ಟ. ಅದರ ಮೇಲೆ ಹೊಳೆಯುವ ರೊಟ್ಟಿ, ಹೊಳೆಯುವ ಬದನೆಕಾಯಿ, ಮೂಲೆಯಲ್ಲಿ ಯಾರೋ ಗೊತ್ತಿಲ್ಲದ ಹೆಂಗಸಿನ ನಗು. ನನ್ನ ಕೆಲಸ ಹೋಯಿತು. ಅವ್ವ ನನ್ನನ್ನು ಸೌದೆಗೆ ಹಾಕಲಿಲ್ಲ, ಅದು ಅವಳ ದೊಡ್ಡತನ. ಮೆಟ್ಟಿಲು ಹತ್ತಿಸಿ ಮೇಲಿನ ಕೋಣೆಯ ಶಮೀಮ್ ಟೀಚರಿಗೆ ಕೊಟ್ಟಳು. ಅಲ್ಲಿ ಟೀಚರ್ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದರು.

ಎಣಗಾಯಿ ಹೊತ್ತ ಮೈಮೇಲೆ ‘ಹೌ ಆರ್ ಯು’ ಬಿದ್ದಾಗ ನನಗಾದ ಅಸಹ್ಯವನ್ನು ಏನು ಹೇಳಲಿ! ವಾಸನೆಯೇ ಇಲ್ಲದ ಮಾತು. ಕಲಿಯಲು ಬಂದವರು ಒಬ್ಬರಿಗೊಬ್ಬರು ಅದನ್ನೇ ಕೇಳುತ್ತಿದ್ದರು, ಒಬ್ಬರಿಗೊಬ್ಬರು ‘ಐ ಆ್ಯಮ್ ಫೈನ್’ ಅನ್ನುತ್ತಿದ್ದರು. ಕೆಲಸ ಹೋದವನೂ ಫೈನ್, ಜ್ವರ ಬಂದು ನಡುಗುತ್ತಿದ್ದವನೂ ಫೈನ್. ಇಂಗ್ಲಿಷ್ ಎಂದರೆ ಯಾವಾಗಲೂ ಆರಾಮ ಇರುವವರ ಭಾಷೆ ಇರಬೇಕೆಂದು ನಾನು ತೀರ್ಮಾನಿಸಿಬಿಟ್ಟೆ.

ಟೀಚರ್ ಮಾತ್ರ ನನಗೆ ಹಿಡಿಸಿದರು. ಡಸ್ಟರನ್ನು ಮೆತ್ತಗೆ ಆಡಿಸುತ್ತಿದ್ದರು. ತಾಯಿ ಹೋದ ಮೇಲೆ ಅವರಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಕ್ಲಾಸ್ ಮುಗಿದರೂ ಎದ್ದು ಹೋಗದೆ, ಹಿಂದಿನ ಬೆಂಚಿನಲ್ಲಿ ಡಬ್ಬಿ ಬಿಚ್ಚಿಕೊಂಡು, ಕೆಳಗಿನ ಖಾನಾವಳಿಯ ತಾಟು ಲೋಟದ ಸದ್ದು ಕೇಳುತ್ತಾ ಉಣ್ಣುತ್ತಿದ್ದರು.

ಅಷ್ಟರಲ್ಲಿ ಕೆಳಗೆ ಒಂದು ಸುದ್ದಿಯಾಯಿತು. ಫಕೀರೇಶ ಮಿಜೋರಾಮಿನಲ್ಲಿ ಡ್ಯೂಟಿಗಿದ್ದಾಗ ಅಲ್ಲಿಯ ಹುಡುಗಿಯನ್ನು ಮೆಚ್ಚಿ, ಮದುವೆಯಾಗಿ, ಕರೆದುಕೊಂಡು ಬಂದ. ಹೆಸರು ಲಾಲ್‌ರಿನ್‌ಪುಯಿ. ಓಣಿಯವರ ನಾಲಿಗೆ ಹೊರಳದೆ ರಿನಿ ಆಯಿತು. ಓಣಿಯವರು ಹೆಸರಿನ ಜೊತೆಗೆ ಬೇರೆ ಏನೇನೋ ಹೇಳಲು ಬಂದರು. ಅವ್ವನ ಉತ್ತರ ಮೇಲಿನವರೆಗೂ ಕೇಳಿಸಿತು: “ಮಗ ಒಪ್ಪಿ ತಂದಾನ, ಆಕಿ ನನ್ನ ಸೊಸಿ. ಮುಗೀತು. ಉಣ್ಣಾಕ ಬಂದಿದ್ರ ಕುಂದರ್ರಿ, ಇಲ್ಲಂದ್ರ ದಾರಿ ಬಿಡ್ರಿ.”

ಮದುವೆಯಾಗಿ ಸ್ವಲ್ಪ ದಿನಕ್ಕೇ ಫಕೀರೇಶನನ್ನು ಹಿಮ ಬೀಳುವ ಗಡಿಗೆ ಹಾಕಿದರು. ಅಲ್ಲಿಗೆ ಹೆಂಡತಿಯನ್ನು ಕರೆದೊಯ್ಯುವಂತಿರಲಿಲ್ಲ, ಫೋನೂ ಯಾವಾಗಲೋ ಒಮ್ಮೆ ಹತ್ತುತ್ತಿತ್ತು. ಹೀಗೆ ಅತ್ತೆ ಸೊಸೆ ಒಂದೇ ಸೂರಿನಡಿ ಉಳಿದರು. ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಇಲ್ಲ. ಸೊಸೆಗೆ ತನ್ನ ಮಿಜೋ ಮತ್ತು ಶಾಲೆಯ ಇಂಗ್ಲಿಷ್.

ಒಂದು ಮಧ್ಯಾಹ್ನ ಅವ್ವ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ನನ್ನನ್ನು ಕಂಡು, “ಆರಾಮ ಅದಿಯೇನೋ?” ಎಂದು ಚೌಕಟ್ಟು ತಟ್ಟಿದಳು. ಆಮೇಲೆ ಟೀಚರ ಕಡೆ ತಿರುಗಿದಳು.

“ಟೀಚರ್, ನನಗ ಇಂಗ್ಲೀಷ್ ಕಲಿಸ್ರಿ.”

“ಯಾಕ್ರಿ ಬಸಲಿಂಗವ್ವ, ಖಾನಾವಳಿಗೆ ಫಾರಿನ್ ಮಂದಿ ಬರಾಕತ್ತಾರೇನು?”

“ಮಂದಿ ಅಲ್ರಿ. ಮನಿಯಾಕಿ ಬಾಯಿ ಬಿಡವಲ್ಲಳು.” ಅವ್ವ ಬೆಂಚಿನ ಮೇಲೆ ಕುಸಿದಳು. “ಬಂದಾಗ ನಕ್ಕೋತ ಇತ್ರಿ ಕೂಸು. ಈಗ ಒಣಗಿ ಕಡ್ಡಿ ಆಗೈತಿ. ಕನ್ನಡದಾಗ ಒಂದ ಮಾತು ಕಲತೈತಿ, ‘ಸಾಕು’ ಅಂತ. ಅರ್ಧ ರೊಟ್ಟಿ ತಿಂದು ಸಾಕು, ಏನ್ ಬಡಿಸಿದ್ರೂ ಸಾಕು. ಫೋನಿನಾಗ ಮಗ ಕೇಳಿದ್ರ ಫೈನ್ ಅಂತಾಳಂತ. ಬರೂ ವಾರ ಆಕಿ ಅಣ್ಣ ಕರಕೊಂಡು ಹೋಗಾಕ ಬರಾಕತ್ತಾನ.”

“ತವರಿಗೆ ಹೋಗಿ ಬರ್ಲಿ ಬಿಡ್ರಿ.”

“ತಿರುಗಿ ಬರೂ ಹೋಗೂದಲ್ರಿ ಅದು. ಒಂದ ಅರಿವಿ ಉಳಿಸಿಲ್ಲ, ಎಲ್ಲಾ ಕಟ್ಯಾಳ. ಬಂದ ದಿನ ತಮ್ಮ ಅವ್ವ ಅಪ್ಪನ ಫೋಟೋ ಗ್ವಾಡಿಗೆ ಹಾಕಿದ್ಲು. ಅದನ್ನೂ ತಗದು ಬ್ಯಾಗಿನಾಗ ಇಟ್ಟಾಳ. ಬರೇ ಮಳಿ ಉಳದೈತಿ.” ಮಳಿ ಎಂದರೆ ಗೋಡೆಯ ಮೊಳೆ.

ತಾನೇ ಕೆಳಗೆ ಬಂದು ಮಾತಾಡುತ್ತೇನೆ ಎಂದರು ಟೀಚರ್. ಅವ್ವ ಒಪ್ಪಲಿಲ್ಲ. “ನೀವು ಹೇಳಿದ್ರ ಅದು ನಿಮ್ಮ ಮಾತಾಗ್ತೈತಿ. ನಾನೇ ಹೇಳಬೇಕ್ರಿ.” ಮೊಬೈಲಿಗೆ ಹೇಳಿದರೆ ಅದೇ ಇಂಗ್ಲಿಷ್ ಮಾಡಿಕೊಡುತ್ತದೆಂದು ಯಾರೋ ಹೇಳಿದ್ದರಂತೆ, ಅದನ್ನೂ ಮಾಡಿ ನೋಡಿದ್ದಳು. ಗದಗಿನ ಮಾತು ಅದಕ್ಕೆ ತಿಳಿಯದೆ, ಸೊಸೆಗೆ ಏನೋ ಹವಾಮಾನದ ವರದಿ ಓದಿ ಹೇಳಿತಂತೆ.

ಪಾಠ ಶುರುವಾಯಿತು. ಟೀಚರ್ ರೂಢಿಯಂತೆ ‘ಗುಡ್ ಮಾರ್ನಿಂಗ್’ ಬರೆದರು, ಅವ್ವನಿಗೆ ಓದಲು ಆಗಲೆಂದು ಕನ್ನಡ ಅಕ್ಷರದಲ್ಲೇ. ಅವ್ವ ಕೈ ಅಡ್ಡ ಹಿಡಿದಳು. “ಅದನ್ನ ನಾ ಚಾ ಕೊಟ್ಟು ಹೇಳ್ತೇನ್ರಿ. ಮುಂದಿಂದು ಕಲಿಸ್ರಿ. ಹೊಟ್ಟಿ ಒಳಗಿಂದು.”

ಟೀಚರ್ ಸೀಮೆಸುಣ್ಣ ಹಿಡಿದು ಏನೋ ಬರೆಯತೊಡಗಿ ಬೆರಳಲ್ಲೇ ಅಳಿಸಿದರು. ಅಷ್ಟು ವರ್ಷ ಕಲಿಸಿದ್ದರಲ್ಲಿ ಅಂಥದ್ದನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ನನ್ನ ನಟ್ಟನಡುವೆ ಒಂದು ಶಬ್ದ ಬರೆದರು: ‘ಲೋನ್ಲಿ’.

“ಹಂಗಂದ್ರ?”

“ಮಂದಿ ನಡುವ ಇದ್ರೂ ನಮ್ಮಂತಾಕಿ ಯಾರಿಲ್ಲ ಅನಿಸೂದು. ಒಂಟಿತನ ಅಂತ ಪುಸ್ತಕದಾಗ ಬರೀತಾರ. ಬಾಯಿಲೆ ಯಾರೂ ಹೇಳೂದಿಲ್ಲ.”

“ಹೌದ್ರಿ,” ಅವ್ವ ಯೋಚಿಸಿ ಹೇಳಿದಳು. “ನಾವು ಬ್ಯಾಸರ ಅಂತೇವಿ. ಇಲ್ಲಾ ತಲಿ ನೋವು ಅಂತ ಗುಳಿಗಿ ನುಂಗ್ತೇವಿ.”

ಉಪಯೋಗಿಸುವುದು ಹೇಗೆಂದು ತೋರಿಸಲು ಟೀಚರ್, “ಐ ಆ್ಯಮ್ ಲೋನ್ಲಿ” ಎಂದರು. ಒಮ್ಮೆ ಪಾಠದ ದನಿಯಲ್ಲಿ ಅಂದರು. ಎರಡನೇ ಸಲ ಅನ್ನುವಾಗ ಆ ದನಿ ಎಲ್ಲೋ ಜಾರಿತು. ಅವ್ವ ಅವರ ಮುಖವನ್ನೇ ನೋಡಿದಳು. “ಟೀಚರ್, ಇದು ಪಾಠಾನೋ, ನಿಮ್ಮ ಮಾತೋ?” ಟೀಚರ್ ಡಸ್ಟರ್ ತೆಗೆದುಕೊಂಡು ನನ್ನನ್ನು ಎಂದಿಗಿಂತ ಜೋರಾಗಿ ಒರೆಸಿದರು. ನನ್ನ ಮೇಲೆ ಬರೆದ ಇಂಗ್ಲಿಷಿನ ಹಿಂದೆಯೂ ಏನೋ ಕುದಿಯುತ್ತಿದೆ ಎಂದು ನನಗೆ ಮೊದಲ ಸಲ ಗೊತ್ತಾಯಿತು.

ಆ ವಾರವೆಲ್ಲ ಅಂಥವೇ ಶಬ್ದಗಳು. ‘ಮಿಸ್’ ಬಂತು. ಅವ್ವನಿಗೆ ಅದು ತಟ್ಟನೆ ತಿಳಿಯಿತು, ಗಡಿಯಲ್ಲಿ ಮಗನಿದ್ದನಲ್ಲ. ‘ಅಫ್ರೇಡ್’ ಬಂತು, ‘ಹರ್ಟ್’ ಬಂತು, ‘ಟುಗೆದರ್’ ಬಂತು. ಒಂದು ದಿನ ಟೀಚರ ಪುಸ್ತಕದಲ್ಲಿ ಉದ್ದನೆಯದೊಂದನ್ನು ಕಂಡು, ಅದೇನು ಎಂದು ಅವ್ವ ಹಟ ಹಿಡಿದಳು. ಟೀಚರ್ ಬರೆದರು: ‘ವಲ್ನರಬಲ್’.

“ಇದು ಕಠಿಣ ಐತ್ರಿ. ಮುಟ್ಟಿದ್ರ ನೋವಾಗುವಂಥಾದ್ದು, ಆದ್ರ ತಾನಾಗಿ ಮುಚ್ಚಿಕೊಳ್ಳಾಕ ಬರಲಾರದ್ದು. ಹೆಂಗ ಹೇಳ್ಲಿ…”

“ಕೂಸಿನ ನೆತ್ತಿ,” ಎಂದಳು ಅವ್ವ.

“ಹಾಂ?”

“ಹುಟ್ಟಿದ ಕೂಸಿನ ನೆತ್ತಿ ಮೆತ್ತಗ ಇರ್ತೈತಲ್ರಿ, ಲಬಲಬ ಬಡಕೋತಿರ್ತೈತಿ. ಎಣ್ಣಿ ಹಚ್ಚಿ, ತಲಿಗೆ ಕುಲಾಯಿ ಹಾಕಿ ಕಾಯ್ತೇವಿ.”

“ಅದೇ ನೋಡ್ರಿ,” ಎಂದರು ಟೀಚರ್, ನಗುತ್ತಾ. ಆದರೆ ಆ ಶಬ್ದ ಅವ್ವನ ಬಾಯಲ್ಲಿ ಕೂರಲೇ ಇಲ್ಲ. ‘ವಲ್ಲರ್‌ಬಾಲ’ ಎಂದು ಎರಡು ಸಲ ಒದ್ದಾಡಿ, “ಇದು ಇರಲಿ ಬಿಡ್ರಿ, ಕೂಸು ಬಂದಾಗ ನೋಡೂಣು” ಎಂದು ಕೈಬಿಟ್ಟಳು.

ಅಣ್ಣ ಬರುವ ಹಿಂದಿನ ದಿನ ಬಂದೇಬಿಟ್ಟಿತು. ಕಲಿತದ್ದೆಲ್ಲ ಅವ್ವನ ತಲೆಯಲ್ಲಿ ಕಲಸಿ ಮೇಲೋಗರವಾಗಿತ್ತು. ಟೀಚರ್ ಒಂದು ಉಪಾಯ ಮಾಡಿದರು. ಹೇಳಬೇಕಾದದ್ದನ್ನೆಲ್ಲ ನನ್ನ ಮೇಲೆ ಬರೆದರು, ರಿನಿ ಓದಲೆಂದು ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೆ ಅವ್ವನಿಗೆಂದು ಕನ್ನಡದಲ್ಲಿ. ನೀನು ನನ್ನ ಮಗಳು, ನಿನಗೆ ಏನು ನೋವಾಗಿದೆ ಹೇಳು, ನಾನು ತಪ್ಪು ಮಾಡಿದ್ದರೆ ತಿದ್ದಿಕೊಳ್ಳುತ್ತೇನೆ, ಹೋಗು, ಆದರೆ ತಿರುಗಿ ಬಾ. ನನ್ನ ಮೈತುಂಬ ಅಂಥ ಮಾತು ಎಂದೂ ತುಂಬಿರಲಿಲ್ಲ. ಹೋಳಿಗೆಯ ಸೋಮವಾರವೂ ಅದರ ಮುಂದೆ ಏನೂ ಅಲ್ಲ.

“ಹಲಗಿನೇ ಒಯ್ರಿ. ಮುಂದ ಇಟ್ಟುಕೊಂಡು ಓದಿ ತೋರಸ್ರಿ,” ಎಂದು ಟೀಚರ್ ಒಂದು ತುಂಡು ಸೀಮೆಸುಣ್ಣವನ್ನೂ ಅವಳ ಕೈಗಿಟ್ಟರು.

ಅವ್ವ ನನ್ನನ್ನು ಎತ್ತಿಕೊಂಡಳು. ಇಳಿಯುವ ಮೆಟ್ಟಿಲು ಇಕ್ಕಟ್ಟು, ಹಿಡಿಯಲು ಒಂದು ಹಗ್ಗ ಮಾತ್ರ. ಬೀಳಿಸಬಾರದೆಂದು ಅವಳು ನನ್ನನ್ನು ಎದೆಗೆ ಗಟ್ಟಿಯಾಗಿ ಅವಚಿಕೊಂಡಳು, ಮುಖ ಒಳಗೆ ಮಾಡಿ. ಅವ್ವಾ, ತಿರುವಿ ಹಿಡಿಯೇ ಎಂದು ನಾನು ಎಷ್ಟು ಒದ್ದಾಡಿದೆನೋ! ಹಲಗೆಗೆ ಬಾಯಿ ಎಲ್ಲಿಂದ ಬರಬೇಕು? ಒಂದೊಂದು ಮೆಟ್ಟಿಲಿಗೂ ಅವಳ ಕರಿ ಇಳಕಲ್ ಸೀರೆಯ ಸೆರಗು ನನ್ನ ಮುಖದ ಮೇಲೆ ಹಿಂದೆ ಮುಂದೆ ಸರಿಯಿತು.

ಒಳಕೋಣೆಯಲ್ಲಿ ರಿನಿ ಉಣ್ಣಲು ಕೂತಿದ್ದಳು. ಅಲ್ಲಿನ ಏರ್ಪಾಡನ್ನು ನಾನು ಆಗಲೇ ಮೊದಲು ನೋಡಿದ್ದು. ಅವಳಿಗೆ ಬೇರೆ ಮಣೆ, ಬೇರೆ ತಾಟು, ಬೇರೆ ಲೋಟ. ಎಲ್ಲರಿಗಿಂತ ಮೊದಲು ಬಡಿಸಿ, ಬಂದು ಹೋಗುವವರ ಕಣ್ಣು ಬೀಳದಿರಲೆಂದು ಬಾಗಿಲು ಮುಂದಕ್ಕೆ ಎಳೆದು, ಅವ್ವ ಒಲೆಯ ಹತ್ತಿರ ಹೋಗಿಬಿಡುತ್ತಿದ್ದಳು. ರೊಟ್ಟಿ ಮುರಿದಿತ್ತು, ತಿಂದಿರಲಿಲ್ಲ.

ಅವ್ವ ನನ್ನನ್ನು ಗೋಡೆಗೆ ಆನಿಸಿ, ಓದಲೆಂದು ಬಗ್ಗಿದಳು. ನನ್ನ ಮೇಲೆ ಬೂದುಬಣ್ಣದ ಮೋಡ ಬಿಟ್ಟರೆ ಏನೂ ಇರಲಿಲ್ಲ. ಮಾತೆಲ್ಲ ಅವಳ ಎದೆಯ ಮೇಲೆ ಸುಣ್ಣವಾಗಿ ಹತ್ತಿತ್ತು. ಅವಳು ನನ್ನನ್ನು ನೋಡಿದಳು, ಸೆರಗನ್ನು ನೋಡಿದಳು, “ಅಯ್ಯ ಶಿವನ!” ಎಂದಳು. ಕಣ್ಣಲ್ಲಿ ನೀರು ಬಂತು. ರಿನಿ ಏನೋ ಆಯಿತೆಂದು ಎದ್ದು ನಿಂತಳು.

ಉಳಿದದ್ದು ಒಂದೇ ಶಬ್ದ. ಅವ್ವ ಸೊಸೆಯ ಕೈ ಹಿಡಿದು ಅದನ್ನೇ ಕೇಳಿದಳು: “ಯು… ಲೋನ್ಲಿ?”

ರಿನಿ ಅವಳನ್ನು ದಿಟ್ಟಿಸಿದಳು. ಆ ಮನೆಯಲ್ಲಿ ಅಷ್ಟು ದಿನಗಳಲ್ಲಿ ಅವಳನ್ನು ಅವಳ ಬಗ್ಗೆ ಯಾರೂ ಕೇಳಿರಲಿಲ್ಲ, ಕೇಳಲು ಯಾರಿಗೂ ಬರುತ್ತಿರಲಿಲ್ಲ. ಆಮೇಲೆ ಇಂಗ್ಲಿಷ್ ಹೊಳೆಯಂತೆ ಬಂತು. ಕ್ಲಾಸಿನ ಗೋಡೆಯ ಮೇಲಿದ್ದು ಕಲಿತದ್ದು ನನ್ನ ಉಪಯೋಗಕ್ಕೆ ಬಂದದ್ದು ಆಗಲೇ. ಅವಳು ಹೇಳಿದ್ದು ಇಷ್ಟು: ನೀವು ನನ್ನನ್ನು ಬೇರೆ ಕೂರಿಸುತ್ತೀರಿ, ಬಾಗಿಲು ಹಾಕುತ್ತೀರಿ. ನನ್ನ ಮನೆಯಲ್ಲಿ ಮಾಂಸ ತಿನ್ನುತ್ತಾರೆಂದು, ನನ್ನ ದೇವರು ಬೇರೆಯೆಂದು. ಬಂದ ದಿನದಿಂದ ನನ್ನ ಜೊತೆ ಯಾರೂ ಒಂದು ತುತ್ತು ಉಂಡಿಲ್ಲ.

ಅವ್ವನಿಗೆ ಅದರಲ್ಲಿ ‘ಈಟ್’ ಒಂದು ತಿಳಿಯಿತು. “ಈಟ್? ಈಟಿಗೆ ಏನಾಗೇತವ್ವಾ?” ಎಂದು ತಾಟು ತೋರಿಸಿ ಕಂಗಾಲಾದಳು.

ಆಗ ರಿನಿ ಅವ್ವನ ಕೈಯಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು ನನ್ನ ಮುಂದೆ ಕೂತಳು. ಒಂದು ದೊಡ್ಡ ಸುತ್ತು ಬರೆದಳು. ಅದರ ಸುತ್ತ ಒತ್ತೊತ್ತಾಗಿ ಸಣ್ಣ ತಾಟುಗಳು. ಬ್ಯಾಗಿನಿಂದ ಫೋಟೋ ತೆಗೆದು ತೋರಿಸಿದಳು: ಅಪ್ಪ, ಅಮ್ಮ, ಅಣ್ಣ, ತಂಗಿ, ಎಲ್ಲ ಅಲ್ಲಿ ಒಟ್ಟಿಗೆ. ಆಮೇಲೆ ನನ್ನ ಮೂಲೆಗೆ ಹೋಗಿ, ಒಂದೇ ಒಂದು ತಾಟು ಬರೆದು, ತನ್ನ ಎದೆ ಮುಟ್ಟಿಕೊಂಡಳು. ತಾಟಿನ ಪಕ್ಕ ಒಂದು ಮುಚ್ಚಿದ ಬಾಗಿಲು ಬರೆದಳು.

ಅವ್ವ ಹಣೆ ಬಡಿದುಕೊಂಡಳು. “ಅಯ್ಯ ನನ್ನವ್ವಾ! ಮೈಲಿಗಿಗೆ ಅಲ್ಲ ಅದು, ಮರ್ಯಾದಿಗೆ! ದೂರದಿಂದ ಬಂದ ಮಗಳು, ಹಸಿಬಾರದು, ಮೊದಲನೇ ಬಿಸಿ ರೊಟ್ಟಿ ನಿನಗ ಅಂತ…” ರಿನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಮಾತು ಬಿಟ್ಟು ಅವ್ವ ಸೀಮೆಸುಣ್ಣ ಕೇಳಿ ಇಸಿದುಕೊಂಡಳು. ನನ್ನ ಇನ್ನೊಂದು ಮೂಲೆಯಲ್ಲಿ ಒಂದು ತಾಟು ಬರೆದಳು. ಪಕ್ಕದಲ್ಲಿ ಒಲೆ. ಎದೆಯ ಮೇಲಿನ ಸುಣ್ಣವನ್ನು ಮುಟ್ಟಿಕೊಂಡು ಹೇಳಿದಳು: “ಐ. ಐ ಲೋನ್ಲಿ. ಮೊದಲಿನಿಂದ.”

ಹೇಳಿದ ಮೇಲೆ ತಾನೇ ಬೆರಗಾದಳು. ಅಷ್ಟು ವರ್ಷ ಒಲೆಯ ಮುಂದೆ ಒಬ್ಬಳೇ ಉಂಡದ್ದಕ್ಕೆ ಒಂದು ಹೆಸರಿದೆ ಎಂದು ಅವಳಿಗೆ ಗೊತ್ತಾದದ್ದು ಆ ಕ್ಷಣದಲ್ಲಿ. ನನಗೂ ಆಗಲೇ. ದಿನಾ ಎದುರಿಗೇ ನೋಡಿದ್ದೆನಲ್ಲ, ಒಮ್ಮೆಯಾದರೂ ಅಯ್ಯೋ ಎನಿಸಿರಲಿಲ್ಲ.

ರಿನಿ ಎರಡೂ ಮೂಲೆಗಳನ್ನು ನೋಡಿದಳು. ಅಂಗೈಯಿಂದ ಎರಡೂ ತಾಟು ಒರೆಸಿಬಿಟ್ಟಳು. ನನ್ನ ನಡುವೆ, ತನ್ನ ಮನೆಯ ಸುತ್ತಿನ ಕೆಳಗೆ, ಅವೆರಡನ್ನೂ ಅಂಚಿಗೆ ಅಂಚು ಹತ್ತಿಸಿ ಬರೆದಳು. “ಟುಗೆದರ್?” ಎಂದಳು.

“ಹಾಂ! ಅದೇ! ಟುಗೆದರ್! ಅದನ್ನ ಮರತಿದ್ದೆ ನೋಡು!” ಅವ್ವ ಓಡಿಹೋಗಿ ತನ್ನ ತಾಟು ತಂದಳು. ಹೊರಗೆ ಯಾರೋ ಸಾರು ಕೇಳಿದರು. “ತಡೀರಿ, ನಾ ಉಣ್ಣಾಕತ್ತೇನಿ!” ಎಂದು ಕೂಗಿದಳು. ಖಾನಾವಳಿ ಹುಟ್ಟಿದ ಮೇಲೆ ಆ ಮಾತು ಅಲ್ಲಿ ಮೊದಲ ಸಲ ಕೇಳಿಸಿತು. ಆ ದಿನ ರಿನಿ ‘ಸಾಕು’ ಅನ್ನಲಿಲ್ಲ.

ಮರುದಿನ ಅಣ್ಣ ಬಂದ. ಟೀಚರನ್ನೂ ಕೆಳಗೆ ಕರೆದರು, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಆದರೂ ಟಿಕೆಟ್ ತೆಗೆಸಿಯಾಗಿತ್ತು, ಅಲ್ಲಿ ತಾಯಿ ಕಾಯುತ್ತಿದ್ದಳು. ರಿನಿ ಬ್ಯಾಗು ಎತ್ತಿಕೊಂಡು ಹೊರಟಳು. ಬರುತ್ತೀಯಾ ಎಂದು ಕೇಳಲು ಅವ್ವನಿಗೆ ಬಾಯಿ ಬರಲಿಲ್ಲ. ಬೀಳ್ಕೊಟ್ಟು ಬಂದು, ಒಳಕೋಣೆಯ ಬಾಗಿಲಲ್ಲಿ ನಿಂತವಳು ಹಾಗೇ ಕುಸಿದು ಕೂತಳು. ಗೋಡೆಯ ಮೊಳೆಗೆ ಆ ಫೋಟೋ ಮತ್ತೆ ತೂಗುತ್ತಿತ್ತು. ಅವ್ವ ಸೆರಗು ಬಾಯಿಗೆ ಹಿಡಿದು ಜೋರಾಗಿ ಅತ್ತಳು, ಅದು ಸಂತೋಷದ ಅಳು.

ರಿನಿ ಇಲ್ಲದ ದಿನಗಳಲ್ಲಿ ಟೀಚರ್ ಡಬ್ಬಿ ತೆಗೆದುಕೊಂಡು ಕೆಳಗಿಳಿದು ಬರತೊಡಗಿದರು. ಆಮೇಲೆ ಡಬ್ಬಿ ತರುವುದನ್ನೂ ಬಿಟ್ಟರು. ಜೋಳದ ಸುಗ್ಗಿಗೆ ಮುಂಚೆಯೇ ರಿನಿ ಬಂದಳು, ಒಂದು ಬುಟ್ಟಿ ಒಣಮೆಣಸಿನಕಾಯಿ ಹೊತ್ತು. ಬಣ್ಣಕ್ಕೆ ಹೆಸರಾದ ನಮ್ಮ ಬ್ಯಾಡಗಿ ಅದರ ಖಾರದ ಮುಂದೆ ಬರೀ ಸಪ್ಪೆ.

ಈಗ ನನಗೆ ವಯಸ್ಸಾಯಿತು. ಒಂದು ಅಂಚು ಸೀಳಿದೆ, ಮೌನೇಶರು ಮೆಚ್ಚಿದ ಕಪ್ಪು ಅಲ್ಲಲ್ಲಿ ಬೆಳ್ಳಗಾಗಿದೆ. ಹೊರಗಿನ ಫ್ಲೆಕ್ಸ್ ಬೋರ್ಡು ಬಿಸಿಲಿಗೆ ಮಾಸಿ, ಆ ಗೊತ್ತಿಲ್ಲದ ಹೆಂಗಸಿನ ನಗು ಹರಿದುಹೋಗಿದೆ. ನನಗೆ ದುಃಖವಾಗಿದೆ ಎಂದು ಸುಳ್ಳು ಹೇಳಲಾರೆ. ನಾನು ಒಳಕೋಣೆಯಲ್ಲಿ ಫೋಟೋದ ಪಕ್ಕ ಇದ್ದೇನೆ. ಹಲಗೆಯ ಬಾಳೆಂದರೆ ಬರೆಸಿಕೊಳ್ಳುವುದು, ಒರೆಸಿಕೊಳ್ಳುವುದು. ಆದರೆ ನನ್ನ ನಡುವಿನ ಆ ತಾಟುಗಳನ್ನು ಯಾರೂ ಒರೆಸುವುದಿಲ್ಲ. ಮಾಸಿದರೆ ಯಾರಾದರೂ ತಿದ್ದುತ್ತಾರೆ. ಟೀಚರದೊಂದು, ರಜೆಗೆ ಬರುವ ಫಕೀರೇಶನದೊಂದು ಸೇರಿ ಸುತ್ತು ದೊಡ್ಡದಾಗಿದೆ. ಮೊನ್ನೆ ರಿನಿ ಬೊಟ್ಟಿನಷ್ಟು ಸಣ್ಣದೊಂದನ್ನು ನಡುವೆ ತೂರಿಸಿದಳು.

ಅದರ ಒಡತಿ ಇನ್ನೂ ಉಣ್ಣುವುದಿಲ್ಲ, ಹಾಲು ಕುಡಿದು ಮಲಗುತ್ತಾಳೆ. ಇವತ್ತು ಬೆಳಿಗ್ಗೆ ನೀರೆರೆದು ತಂದು, ಅವ್ವ ಅವಳನ್ನು ಕಾಲ ಮೇಲೆ ಹಾಕಿಕೊಂಡಳು. ಬೆಚ್ಚಗಿನ ಎಣ್ಣೆಯಲ್ಲಿ ಬೆರಳದ್ದಿ, ಲಬಲಬ ಬಡಿಯುವ ಆ ಮೆತ್ತನೆಯ ಜಾಗಕ್ಕೆ ಹಚ್ಚುತ್ತಾ, ಎಂದೋ ಕೈಬಿಟ್ಟಿದ್ದ ಶಬ್ದವನ್ನು ನೆನಪು ಮಾಡಿಕೊಂಡು, ನಾಲಿಗೆ ಹೊರಳಿಸಿ ಹೊರಳಿಸಿ ಹೇಳಿದಳು: “ವಲ್… ನರ… ಬಲ್.”

ಬಾಗಿಲಲ್ಲಿ ಕುಲಾಯಿ ಹಿಡಿದು ನಿಂತಿದ್ದ ರಿನಿ ನಕ್ಕಳು. “ಅವ್ವಾ,” ಎಂದಳು, “ಅದಕ್ಕ ನೆತ್ತಿ ಅಂತಾರ.”